ಕುದ್ರೋಳಿಯ ದಸರಾ: ಹತ್ತು ದಿನದ ಉತ್ಸವ, ಮಳೆಗಾಲದ ಕೆಲಸ

ಮಂಗಳೂರಿನಲ್ಲಿ ನವರಾತ್ರಿಗೆ ಒಂದಲ್ಲ, ಮೂರು ದಸರಾ. ಬೋಳಾರದ ಮಂಗಳಾದೇವಿಯದು ಒಂದು, ರಥಬೀದಿಯ ಶಾರದಾ ಮಹೋತ್ಸವ ಇನ್ನೊಂದು, ಕುದ್ರೋಳಿ ಗೋಕರ್ಣನಾಥ ಕ್ಷೇತ್ರದ್ದು ಮೂರನೆಯದು. ರಥಬೀದಿಯ ಶಾರದೆಗೆ 2022ರಲ್ಲೇ ನೂರು ತುಂಬಿತು. ಕುದ್ರೋಳಿಯ ದಸರಾ ಈಗಿನ ರೂಪಕ್ಕೆ ಬಂದದ್ದು 1991ರ ಜೀರ್ಣೋದ್ಧಾರದ ಆಸುಪಾಸಿನಲ್ಲಿ. ಮೂರರಲ್ಲಿ ಎಳೆಯದು ಅದೇ. ಆದರೂ ಹೊರಗಿನವರು ಇವತ್ತು 'ಮಂಗಳೂರು ದಸರಾ' ಎಂದರೆ ಮನಸ್ಸಿನಲ್ಲಿರುವುದು ಕುದ್ರೋಳಿ. ಪೇಟೆಯ ಅಂಚಿನ ಒಂದು ಪರಿಸರ ಮೂರು ದಶಕಗಳಲ್ಲಿ ಹೀಗೆ ನಗರದ ನಡುವಿಗೆ ಬಂದದ್ದು ಹೇಗೆ, ಉತ್ಸವದಿಂದ ಆ ಪರಿಸರಕ್ಕೆ ದಕ್ಕಿದ್ದೇನು, ದಕ್ಕದೆ ಹೋದದ್ದೇನು ಎಂದು ನೋಡುವುದು ಇಲ್ಲಿನ ಉದ್ದೇಶ. ಹಳೆಯ ಬೀದಿಗಳಿಗೆ ಕಲೆಯ ಮೂಲಕ ಜೀವ ತುಂಬಬೇಕು ಎಂದು ಹೊರಡುವ ಯಾರೇ ಆಗಲಿ ಬೇರೆಲ್ಲೋ ಹುಡುಕುವ ಮೊದಲು ಕುದ್ರೋಳಿಯನ್ನು ನೋಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಇಲ್ಲಿ ಯಾರೂ ಯೋಜನಾ ವರದಿ ಬರೆದು ಶುರು ಮಾಡಿದ್ದಲ್ಲ.

ಜಾಗ, ಜನ

ರಥಬೀದಿ ದಾಟಿ ಅಳಕೆಯ ಕಡೆಗೆ ಇಳಿದರೆ ಕುದ್ರೋಳಿ. ಅಲ್ಲಿಂದ ಮುಂದೆ ಬೊಕ್ಕಪಟ್ಣ, ಬೋಳೂರು, ಸುಲ್ತಾನ್ ಬತ್ತೇರಿ, ಆಚೆಗೆ ಗುರುಪುರ ನದಿ. ಬಿಲ್ಲವರು, ಮೀನುಗಾರ ಮೊಗವೀರರು, ಕರಾವಳಿಯ ಮುಸ್ಲಿಮರಾದ ಬ್ಯಾರಿಗಳು, ಕ್ರಿಶ್ಚಿಯನ್ನರು, ಕೊಂಕಣಿಗರು ಮಗ್ಗುಲು ಮಗ್ಗುಲಲ್ಲೇ ಬಾಳಿದ ನೆಲ. ಹಂಚಿನ ಮನೆ, ಅಂಗಳ, ಅಂಗಳದಾಚೆ ಇನ್ನೊಬ್ಬರ ಹಿತ್ತಿಲು.

ಈ ಭಾಗದ ದುಡಿಮೆ ಬಹಳ ಕಾಲ ನದಿ ಮತ್ತು ಬಂದರನ್ನು ನೆಚ್ಚಿಕೊಂಡಿತ್ತು. 1865ರಲ್ಲಿ ಬಾಸೆಲ್ ಮಿಷನ್‌ನವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ನೇತ್ರಾವತಿ, ಗುರುಪುರ ನದಿಗಳ ದಡದಲ್ಲಿ ಒಂದರ ಹಿಂದೆ ಒಂದು ಕಾರ್ಖಾನೆ ಎದ್ದವು. ಮಣ್ಣು ದೋಣಿಯಲ್ಲಿ ಬರುತ್ತಿತ್ತು, ಸುಟ್ಟ ಹಂಚು ಹಳೆ ಬಂದರಿನಿಂದ ಹಡಗು ಹತ್ತುತ್ತಿತ್ತು. 1970ರ ದಶಕದಲ್ಲಿ ಪಣಂಬೂರಿಗೆ ನವಮಂಗಳೂರು ಬಂದರು ಬಂತು, ದೊಡ್ಡ ಹಡಗುಗಳು ಅತ್ತ ತಿರುಗಿದವು. ತಾರಸಿ ಮನೆಗಳು ಬಂದು ಹಂಚು ಕೇಳುವವರು ಕಡಿಮೆಯಾದರು. ಒಂದೊಂದೇ ಚಿಮಣಿ ಆರಿತು. ಗಂಡಸರು ಮುಂಬಯಿಗೋ ಗಲ್ಫಿಗೋ ಹೊರಟರು. ಹೆಂಗಸರು ಬೀಡಿ ಕಟ್ಟಿ ಮನೆ ನಡೆಸಿದರು. ಕರಾವಳಿಯ ಎಷ್ಟೋ ಪೇಟೆಗಳ ಕತೆ ಇದೇ.

ಕುದ್ರೋಳಿಗೆ ಬೇರೆಯ ಆಸ್ತಿಯೊಂದಿತ್ತು. ದೇವಸ್ಥಾನದ ಒಳಗೆ ಕಾಲಿಡಲು ಬಿಲ್ಲವರಿಗೆ ಬಿಡದಿದ್ದ ಕಾಲದಲ್ಲಿ, ಸಾಹುಕಾರ್ ಕೊರಗಪ್ಪ ಮೊದಲಾದ ಹಿರಿಯರು ಕೇರಳದ ಸಮಾಜ ಸುಧಾರಕ ನಾರಾಯಣ ಗುರುಗಳನ್ನು ಮಂಗಳೂರಿಗೆ ಕರೆಸಿದರು. 1912ರಲ್ಲಿ ಗುರುಗಳು ಇಲ್ಲಿ ಶಿವಲಿಂಗ ಪ್ರತಿಷ್ಠೆ ಮಾಡಿದರು. ಹೊರಗೆ ನಿಲ್ಲಿಸಲ್ಪಟ್ಟವರು ತಮಗಾಗಿ ಕಟ್ಟಿಕೊಂಡು, ಕೊನೆಗೆ ಎಲ್ಲರಿಗೂ ಬಾಗಿಲು ತೆರೆದ ದೇವಸ್ಥಾನ ಇದು. ಕೇಂದ್ರದ ಮಾಜಿ ಸಚಿವ ಬಿ. ಜನಾರ್ದನ ಪೂಜಾರಿಯವರ ಮುಂದಾಳತ್ವದಲ್ಲಿ ಜೀರ್ಣೋದ್ಧಾರವಾಗಿ 1991ರಲ್ಲಿ ಇದಕ್ಕೆ ಈಗಿನ ಚೋಳ ಶೈಲಿಯ ಗೋಪುರ ಬಂತು. 2013ರಲ್ಲಿ ವಿಧವೆಯರನ್ನು ಅರ್ಚಕರನ್ನಾಗಿ ನೇಮಿಸಿದ್ದೂ ಇಲ್ಲೇ. ಇದನ್ನೆಲ್ಲ ಹೇಳುವುದಕ್ಕೆ ಕಾರಣವಿದೆ. ದಸರಾ ಇಲ್ಲಿ ಹಿಡಿದುಕೊಂಡದ್ದು ದೀಪಾಲಂಕಾರದ ಬಲದಿಂದ ಮಾತ್ರವಲ್ಲ. 'ಇದು ನಮ್ಮದು' ಎಂದು ಹೇಳುವ ಹಕ್ಕಿಗಾಗಿ ಒಂದು ಸಮುದಾಯ ಎಂಬತ್ತು ವರ್ಷ ಕಾಯ್ದಿತ್ತು. ಆ ನೆಲಗಟ್ಟು ಇಲ್ಲದ ಕಡೆ ಇಂಥದೇ ಉತ್ಸವವನ್ನು ತಂದು ನೆಟ್ಟರೆ ಬೇರು ಬಿಡುತ್ತದೆ ಎಂದು ನನಗೆ ನಂಬಿಕೆಯಿಲ್ಲ.

ಬೀದಿಯಲ್ಲಿ ನಡೆಯುವ ಕಲೆ

ನವರಾತ್ರಿಗೆ ಶಾರದೆ, ನವದುರ್ಗೆಯರು, ಗಣಪತಿಯ ಮಣ್ಣಿನ ಮೂರ್ತಿಗಳನ್ನು ಕ್ಷೇತ್ರದಲ್ಲಿ ಕೂರಿಸುತ್ತಾರೆ. ಕೊನೆಯ ದಿನ ಸಂಜೆ ಹೊರಡುವ ಮೆರವಣಿಗೆ ಮಣ್ಣಗುಡ್ಡೆ, ಈಗ ನಾರಾಯಣ ಗುರು ವೃತ್ತವಾಗಿರುವ ಲೇಡಿಹಿಲ್, ಲಾಲ್‌ಬಾಗ್, ಪಿವಿಎಸ್, ಕೆ.ಎಸ್. ರಾವ್ ರಸ್ತೆ, ಹಂಪನಕಟ್ಟೆ, ರಥಬೀದಿ, ಅಳಕೆ ಸುತ್ತಿ ಬೆಳಗಿನ ಜಾವ ಕುದ್ರೋಳಿಗೆ ಮರಳುತ್ತದೆ. ಮೂರ್ತಿಗಳು ಅಲ್ಲಿನ ಕೆರೆಯಲ್ಲೇ ವಿಸರ್ಜನೆಯಾಗುತ್ತವೆ.

ಈ ದಾರಿಯನ್ನು ನಕ್ಷೆಯ ಮೇಲೆ ಗೆರೆ ಎಳೆದು ನೋಡಿ. ಅಂಚಿನ ಒಂದು ಜಾಗ ಇಡೀ ನಗರವನ್ನು ಸುತ್ತಿ, ನಗರದ ಜನರನ್ನು ತನ್ನ ಅಂಗಳಕ್ಕೆ ಕರೆದುಕೊಂಡು ಬರುತ್ತದೆ. ಟಿಕೆಟ್ ಇಲ್ಲ, ಗೇಟು ಇಲ್ಲ. ಅಳಕೆಯ ತಿರುವಿನಲ್ಲಿ ಚಾಪೆ ಹಾಸಿ ಮಕ್ಕಳನ್ನು ಮಲಗಿಸಿಕೊಂಡು ಕಾಯುವ ಮನೆಗಳಿವೆ. 'ಶಾರದೆ ಎಲ್ಲಿಗೆ ಮುಟ್ಟಿದಳು?' ಎಂದು ರಾತ್ರಿ ಎರಡು ಗಂಟೆಗೆ ಫೋನು ಮಾಡಿ ಕೇಳುವುದು ಇಲ್ಲಿ ಸಹಜ. ಗೋಡೆಗೆ ಚಿತ್ರ ಬರೆದೋ ವೃತ್ತದಲ್ಲಿ ಪ್ರತಿಮೆ ನಿಲ್ಲಿಸಿಯೋ ಇಂಥ ಬಳಕೆಯನ್ನು ಹುಟ್ಟಿಸಲಾಗದು. ರಾಮಕೃಷ್ಣ ಮಠದ ಸ್ವಚ್ಛ ಮಂಗಳೂರು ಅಭಿಯಾನದವರು ವಾರ ವಾರ ಬೀದಿ ಗುಡಿಸಿ, ಕಸ ಬೀಳುತ್ತಿದ್ದ ಮೂಲೆಗಳ ಗೋಡೆಗೆ ಬಣ್ಣ ಬಳಿದದ್ದನ್ನು ನಾನು ತುಂಬ ಮೆಚ್ಚುತ್ತೇನೆ. ಕಸ ಎಸೆಯುವ ಕೈ ಅಲ್ಲಿ ಒಂದಷ್ಟು ಹಿಂಜರಿದದ್ದು ನಿಜ. ಆದರೆ ನಮ್ಮ ಮಳೆಗೆ ಗೋಡೆಯ ಬಣ್ಣ ಎರಡು ಮೂರು ವರ್ಷದಲ್ಲಿ ಪಾಚಿ ಹಿಡಿಯುತ್ತದೆ, ಮತ್ತೆ ಬಳಿಯುವ ಕೈ ಇರಬೇಕು. ಮೆರವಣಿಗೆಗೆ ಆ ಕೈ ಪ್ರತಿ ವರ್ಷ ತಾನಾಗಿ ಸಿಗುತ್ತದೆ, ಯಾಕೆಂದರೆ ಪ್ರತಿ ಓಣಿಗೂ ಅದರಲ್ಲಿ ಒಂದು ಕೆಲಸವಿದೆ. ಒಬ್ಬರದು ಸ್ತಬ್ಧಚಿತ್ರ, ಒಬ್ಬರದು ಚೆಂಡೆ, ಒಬ್ಬರದು ಮಜ್ಜಿಗೆ-ಪಾನಕ, ಒಬ್ಬರದು ಹುಲಿ.

ಹುಲಿಯ ಮೈಬಣ್ಣ

ಹುಲಿವೇಷವನ್ನು ಇಲ್ಲಿ ಹತ್ತಿರದಿಂದ ನೋಡಬೇಕು. ಬೀದಿಯಲ್ಲಿ ಕಾಣುವ ಕುಣಿತಕ್ಕೆ ಬೇಕಾದ ದುಡಿಮೆ ಎಲ್ಲಿ, ಎಂಥ ಜಾಗದಲ್ಲಿ ನಡೆಯುತ್ತದೆ ಎನ್ನುವುದೇ ಈ ಪ್ರಕರಣದ ಗಂಟು.

ವೇಷದ ಹಿಂದಿನ ರಾತ್ರಿ ಊದು ಎಂಬ ಪೂಜೆ. ಹುಲಿಯ ಮಂಡೆ (ತಲೆಗೆ ತೊಡುವ ಮುಖವಾಡ), ಜಟ್ಟಿ (ಚಡ್ಡಿ), ಬಣ್ಣ, ತಾಸೆ (ಬಡಿಯುವ ವಾದ್ಯ) ಎಲ್ಲವನ್ನೂ ದೇವರ ಮುಂದಿಟ್ಟು ಲೋಬಾನದ ಹೊಗೆ ಹಾಕುತ್ತಾರೆ; ತಾಸೆಯ ಪೆಟ್ಟು ಬಿದ್ದೊಡನೆ ಮೈಮೇಲೆ ಬಂದಂತೆ ಕುಣಿಯುವವರಿದ್ದಾರೆ. ಆಮೇಲೆ ಬಣ್ಣ. ಮೈಯ ರೋಮ ತೆಗೆದು ಬಂದವರನ್ನು ಸಾಲಾಗಿ ನಿಲ್ಲಿಸಿ ಮೊದಲು ಬುಡದ ಬಣ್ಣ, ಹಳದಿ ಅಥವಾ ಬಿಳಿ. ಈಗ ಬುಡದ ಬಣ್ಣಕ್ಕೆ ಸ್ಪ್ರೇ ಮಿಷನ್ ಬಂದಿದೆ. ಅದು ಒಣಗುವ ತನಕ ಕೈ ಮೈಗೆ ತಾಗಬಾರದು, ಕುಳಿತುಕೊಳ್ಳಬಾರದು. ಎರಡೂ ಕೈ ಚಾಚಿ ಕೋಲಿನ ಮೇಲೆ ಊರಿ ಗಂಟೆಗಟ್ಟಲೆ ನಿಲ್ಲಬೇಕು. ಬಳಿಕ ಕುಂಚದ ಕೆಲಸ. ಪಟ್ಟೆ ಹುಲಿಗೆ ಬೆನ್ನುಮೂಳೆಯಿಂದ ಪಕ್ಕೆಗೆ ಇಳಿಯುವ ಕಪ್ಪು ಪಟ್ಟೆ, ಚಿಟ್ಟೆ ಹುಲಿಗೆ, ಅಂದರೆ ಚಿರತೆಗೆ, ಚುಕ್ಕಿ. ಹೊಟ್ಟೆಯ ಮೇಲೆ ಹುಲಿಯ ಮುಖ ಬರೆಯುವುದೂ ಉಂಟು. ಉಸಿರು ಎಳೆದಾಗ ಆ ಮುಖ ಹಿಗ್ಗಬೇಕು, ಬಿಟ್ಟಾಗ ಕುಗ್ಗಬೇಕು. ಒಳ್ಳೆಯ ಬಣ್ಣಗಾರ ವೇಷಧಾರಿಯ ಉಸಿರು ನೋಡಿಯೇ ಗೆರೆ ಎಳೆಯುತ್ತಾನೆ.

ನನಗೆ ಪರಿಚಯದ ಬಣ್ಣಗಾರರೊಬ್ಬರು ಇದನ್ನೆಲ್ಲ ಮಾಡುವುದು ಶಾಮಿಯಾನ ಕಟ್ಟಿದ ಅಂಗಳದಲ್ಲಿ. "ಒಳ್ಳೆ ಜಾಗ ಸಿಗುವುದಿಲ್ಲವಾ ಅಣ್ಣ?" ಎಂದು ಕೇಳಿದೆ. "ಜಾಗ ಎಲ್ಲಿದೆ ಮಾರಾಯ್ರೆ, ಮೊದಲು ಕುಣಿಯುತ್ತಿದ್ದ ಬಾಕಿಮಾರು ಗದ್ದೆಯಲ್ಲಿ ಈಗ ಫ್ಲಾಟ್ ಉಂಟು" ಎಂದರು. ಅಕ್ಟೋಬರಿನಲ್ಲಿ ಒಂದು ಮಳೆ ಬಿದ್ದರೆ ಅರ್ಧ ಒಣಗಿದ ಬಣ್ಣವೆಲ್ಲ ಹಾಳು. ನೀರಿಗೆ ಒಂದೇ ನಲ್ಲಿ. ವೇಷ ಕಳಚಿದ ಮೇಲೆ ಟರ್ಪೆಂಟೈನ್, ಸೀಮೆಎಣ್ಣೆ ತಿಕ್ಕಿ ತಿಕ್ಕಿ ತೊಳೆಯುವುದೂ ಅದೇ ಅಂಗಳದ ಮೂಲೆಯಲ್ಲಿ, ಆ ನೀರು ಹರಿಯುವುದು ಚರಂಡಿಗೆ. ತಾಸೆ, ಡೋಲು, ಮಂಡೆಗಳನ್ನು ವರ್ಷದ ಉಳಿದ ದಿನ ಯಾರದೋ ಮನೆಯ ಅಟ್ಟದಲ್ಲಿ ಇಟ್ಟಿರುತ್ತಾರೆ. ಆಟಿ ತಿಂಗಳ ಮಳೆಯ ತೇವಕ್ಕೆ ಚರ್ಮ ಸಡಿಲಾಗಿ, ಮಂಡೆಯ ಕೂದಲಿಗೆ ಬೂಸ್ಟು ಹಿಡಿದಿರುತ್ತದೆ.

ಈಚಿನ ವರ್ಷಗಳಲ್ಲಿ ಹುಲಿವೇಷಕ್ಕೆ ದೊಡ್ಡ ಮೈದಾನ, ದೊಡ್ಡ ವೇದಿಕೆ, ದೊಡ್ಡ ಬಹುಮಾನದ ಸ್ಪರ್ಧೆಗಳು ಬಂದಿವೆ. ಅವುಗಳಿಂದ ಹುಡುಗರಿಗೆ ಶಿಸ್ತು ಬಂತು, ಹೆಸರು ಬಂತು, ಹೆಣ್ಣುಮಕ್ಕಳೂ ಧೈರ್ಯವಾಗಿ ಬಣ್ಣ ಹಚ್ಚಿಕೊಳ್ಳುವಂತಾಯಿತು. ಹುಲ್ಲಿನಲ್ಲಿ ಸುತ್ತಿ ಕಟ್ಟಿದ ಅಕ್ಕಿಮುಡಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಂದಕ್ಕೆ ಎಸೆಯುವಂಥ ಕಸರತ್ತುಗಳಿಗೆ ಹೊಸ ಹುರುಪು ಬಂತು. ಇದನ್ನು ತೆಗೆದುಹಾಕುವಂತಿಲ್ಲ. ಆದರೆ ತೀರ್ಪುಗಾರರ ಮುಂದೆ ಗಡಿಯಾರ ನೋಡಿಕೊಂಡು ಕುಣಿಯುವ ಹುಲಿ ಓಣಿಯ ಮನೆ ಮನೆಗೆ ಹೋಗುವುದಿಲ್ಲ. ಮನೆಯವರು ಕೊಡುತ್ತಿದ್ದ ನೂರು ಇನ್ನೂರು ರೂಪಾಯಿ, ಮಗುವನ್ನು ಹುಲಿಯ ತೊಡೆಯ ಮೇಲೆ ಕೂರಿಸಿ ಹೆದರಿಕೆ ಬಿಡಿಸುವ ಅಜ್ಜಿ, ನೋಟನ್ನು ಬಾಯಲ್ಲೇ ಎತ್ತುವ ಆಟ ಇವೆಲ್ಲ ಬೀದಿಯವು. ಕಲೆ ಮೈದಾನಕ್ಕೆ ಹೋದಷ್ಟೂ ಪರಿಸರಕ್ಕೆ ಸಿಗುವುದು ಕಡಿಮೆ. ನಗರ ಯಾವುದನ್ನು ಬೆಳೆಸಬೇಕು ಎಂಬ ಪ್ರಶ್ನೆ ಬಂದಾಗ ನನ್ನ ಓಟು ಬೀದಿಗೆ.

ಕಾಸು ಯಾರ ಕೈಗೆ

ಕುದ್ರೋಳಿಯ ದಸರಾದಿಂದ ಎಷ್ಟು ವ್ಯಾಪಾರವಾಗುತ್ತದೆ ಎನ್ನುವ ಲೆಕ್ಕಕ್ಕೆ ಬದಲಾಗಿ, ಲೆಕ್ಕ ಹಾಕಿದ ಇನ್ನೊಂದು ಊರಿನ ಉತ್ಸವವನ್ನು ಪಕ್ಕಕ್ಕಿಟ್ಟು ನೋಡುವುದು ಲೇಸು. ಕೊಲ್ಕತ್ತಾದ ದುರ್ಗಾಪೂಜೆ 2021ರಲ್ಲಿ ಯುನೆಸ್ಕೋದ ಪರಂಪರೆಯ ಪಟ್ಟಿಗೆ ಸೇರಿತು. ಬ್ರಿಟಿಷ್ ಕೌನ್ಸಿಲ್ ಮಾಡಿಸಿದ ಅಧ್ಯಯನದ ಪ್ರಕಾರ 2019ರಲ್ಲಿ ಪಶ್ಚಿಮ ಬಂಗಾಳದಲ್ಲಿ ಆ ಪೂಜೆಯ ಸುತ್ತ ನಡೆದ ವ್ಯವಹಾರ 32,377 ಕೋಟಿ ರೂಪಾಯಿ, ರಾಜ್ಯದ ಒಟ್ಟು ಉತ್ಪನ್ನದ ಶೇ. 2.58. ಕೇಳಿದವರ ಹುಬ್ಬೇರುವ ಅಂಕಿ. ಅದರ ಒಳಗೆ ಇಣುಕಿದರೆ 27 ಸಾವಿರ ಕೋಟಿಗೂ ಹೆಚ್ಚು ಬರೀ ಚಿಲ್ಲರೆ ಮಾರಾಟ: ಬಟ್ಟೆ, ಚಪ್ಪಲಿ, ಮೊಬೈಲು. ಮೂರ್ತಿ ಮಾಡುವವರ ಪಾಲು 260ರಿಂದ 280 ಕೋಟಿ. ಅಂದರೆ ನೂರು ರೂಪಾಯಿಯಲ್ಲಿ ಒಂದು ರೂಪಾಯಿಯೂ ಇಲ್ಲ. ದೇವಿಯನ್ನು ಮಾಡಿದ ಕೈಗೆ ಒಂದು ರೂಪಾಯಿಗೂ ಕಡಿಮೆ!

ಆದರೂ ಕೊಲ್ಕತ್ತಾಕ್ಕೆ ಒಂದು ಅನುಕೂಲವಿದೆ, ನಮಗಿಲ್ಲದ್ದು. ಅಲ್ಲಿ ಕುಮಾರ್‌ಟುಲಿ ಎಂಬ ಇಡೀ ಬಡಾವಣೆಯೇ ಮೂರ್ತಿಕಾರರದು. ಹೂಗ್ಲಿ ನದಿಯ ಮಗ್ಗುಲಲ್ಲಿ, ಇಕ್ಕಟ್ಟಾದ ಓಣಿಗಳಲ್ಲಿ, ಹುಲ್ಲು ಬಿದಿರು ಕಟ್ಟಿ ಮಣ್ಣು ಮೆತ್ತುವ ಕೆಲಸ ತಿಂಗಳುಗಟ್ಟಲೆ ನಡೆಯುತ್ತದೆ. ಮೂರ್ತಿಗೆ ಕಣ್ಣು ಬಿಡಿಸುವ ಮೊದಲೇ ಅದನ್ನು ನೋಡಲು ಜನ ಬರುತ್ತಾರೆ. ಸೋಲಾ ಬೆಂಡಿನ ಕಿರೀಟ ಮಾಡುವವರು, ಕೂದಲು ಮಾರುವವರು, ಒಡವೆಯವರು ಎಲ್ಲ ಅಲ್ಲೇ ಆಸುಪಾಸು. ದುಡಿಮೆಗೆ ಅಲ್ಲಿ ವಿಳಾಸವಿದೆ.

ಕುದ್ರೋಳಿಯ ಸುತ್ತ ಈ ದುಡಿಮೆಯ ತುಣುಕುಗಳು ಇಲ್ಲದಿಲ್ಲ. ಮಣ್ಣಗುಡ್ಡೆಯಲ್ಲಿ ತಲೆಮಾರುಗಳಿಂದ ಮಣ್ಣಿನ ಗಣಪತಿ ಮಾಡುತ್ತ ಬಂದ ಕುಟುಂಬವಿದೆ. ಚೌತಿಗೆ ಅಲ್ಲಿಂದ ಊರೆಲ್ಲ ಮೂರ್ತಿ ಒಯ್ಯುತ್ತಾರೆ. ಹುಲಿಯ ಮಂಡೆ ಕಟ್ಟುವವರು, ಸ್ತಬ್ಧಚಿತ್ರಕ್ಕೆ ಕಬ್ಬಿಣದ ಚೌಕಟ್ಟು ಬೆಸೆಯುವವರು, ಥರ್ಮೋಕೋಲ್ ಕೆತ್ತುವವರು, ಸೀರಿಯಲ್ ಲೈಟಿನ ಹುಡುಗರು, ಯಕ್ಷಗಾನದ ವೇಷಭೂಷಣ ಬಾಡಿಗೆಗೆ ಕೊಡುವವರು ಎಲ್ಲರೂ ಮಂಗಳೂರಿನಲ್ಲಿದ್ದಾರೆ. ಆದರೆ ಒಬ್ಬರು ಒಂದೊಂದು ಮೂಲೆಯಲ್ಲಿ, ಗ್ಯಾರೇಜಿನಲ್ಲಿ, ಬಾಡಿಗೆ ಶೆಡ್ಡಿನಲ್ಲಿ. ನವರಾತ್ರಿ ಕಳೆದರೆ ಅವರ ಕೆಲಸಕ್ಕೂ ಕುದ್ರೋಳಿಗೂ ನಂಟಿಲ್ಲ. ಹತ್ತು ದಿನ ಚುರುಮುರಿ, ಗೋಳಿಬಜೆ, ಐಸ್‌ಕ್ರೀಮ್ ಗಾಡಿಗಳಿಗೆ ವ್ಯಾಪಾರ; ಹನ್ನೊಂದನೆಯ ದಿನ ಬೀದಿ ಬಿಕೋ.

ಮಳೆ, ಮಾಡು

ನಾನು ಇಲ್ಲಿ ಒತ್ತಿ ಹೇಳಬೇಕೆಂದಿರುವುದು ಒಂದೇ ವಿಷಯ. ನಮ್ಮ ಉತ್ಸವಗಳ ತಯಾರಿ ನಡೆಯುವುದು ಮಳೆಗಾಲದಲ್ಲಿ. ಅಷ್ಟಮಿ ಮತ್ತು ಮೊಸರುಕುಡಿಕೆ, ಚೌತಿ, ನವರಾತ್ರಿ ಎಲ್ಲ ಆಗಸ್ಟಿನಿಂದ ಅಕ್ಟೋಬರಿನ ನಡುವೆ ಬರುತ್ತವೆ. ಅಂದರೆ ಮಣ್ಣು ಹದ ಮಾಡುವುದು, ಮೂರ್ತಿ ಒಣಗಿಸುವುದು, ಚೌಕಟ್ಟು ಬೆಸೆಯುವುದು, ತಾಸೆ ಕಟ್ಟುವುದು, ಹುಡುಗರು ಹೆಜ್ಜೆ ಕಲಿಯುವುದು ಎಲ್ಲ ತುಳುವರ ಆಟಿ, ಸೋಣ ತಿಂಗಳಲ್ಲಿ, ಅಂದರೆ ಜುಲೈ-ಸೆಪ್ಟೆಂಬರಿನ ನಡುವೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನಷ್ಟು ಮಳೆ ಬೀಳುವ ಊರಿದು, ಅದರಲ್ಲಿ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ. ಆಗ ಕಲಾವಿದನಿಗೆ ಬೇಕಾದದ್ದು ವೇದಿಕೆಯಲ್ಲ, ಸೋರದ ಮಾಡು, ಅಂದರೆ ಸೂರು.

ಪಿಓಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಮೂರ್ತಿಗಳಿಗೆ ನಿರ್ಬಂಧ ಬಂದ ಮೇಲೆ ಇದರ ಬೆಲೆ ಇನ್ನೂ ಹೆಚ್ಚಾಗಿದೆ. ಪಿಓಪಿ ಬೇಗ ಗಟ್ಟಿಯಾಗುತ್ತದೆ, ಮಣ್ಣು ಹಾಗಲ್ಲ. ಜೇಡಿ ಮಣ್ಣಿನ ಆಳೆತ್ತರದ ಮೂರ್ತಿ ನಿಧಾನವಾಗಿ, ಗಾಳಿಯಾಡುವ ನೆರಳಿನಲ್ಲಿ ಆರಬೇಕು. ಅವಸರಕ್ಕೆ ಫ್ಯಾನು, ಬಲ್ಬು ಹಾಕಿ ಒಣಗಿಸಿದರೆ ಹೊರಮೈ ಬಿಗಿದು ಒಳಗೆ ಹಸಿ ಉಳಿದು ಬಿರುಕು ಬಿಡುತ್ತದೆ. ತಗಡಿನ ಶೆಡ್ಡಿನಲ್ಲಿ ಹಗಲು ಸೆಕೆ, ರಾತ್ರಿ ತಗಡಿನಿಂದ ಹನಿ. ಹಂಚಿನ ಎತ್ತರದ ಮಾಡು, ಅಡಿಯಲ್ಲಿ ಮರದ ತೊಲೆ, ಪಕ್ಕದಲ್ಲಿ ಗಾಳಿಕಿಂಡಿ ಇದ್ದರೆ ಮಣ್ಣು ಸಮನಾಗಿ ಆರುತ್ತದೆ. ಇದೇ ಊರಿನ ಹಂಚಿನ ಕಾರ್ಖಾನೆಗಳು ಸುಡುವ ಮೊದಲು ಹಸಿ ಹಂಚನ್ನು ಒಣಗಿಸುತ್ತಿದ್ದದ್ದು ಅಂಥ ಮಾಡಿನ ಕೆಳಗೇ.

ಬಂದರು, ಹೊಯಿಗೆಬಜಾರ್, ಬೋಳೂರಿನ ಕಡೆ ಇನ್ನೂ ಉಳಿದಿರುವ ಹಂಚಿನ ಗೋದಾಮುಗಳು ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿವೆ. ಲಾರಿ ಹಿಂದಕ್ಕೆ ತಂದು ನಿಲ್ಲಿಸುವಷ್ಟು ಅಗಲದ ಬಾಗಿಲು, ಸ್ತಬ್ಧಚಿತ್ರ ನಿಲ್ಲುವಷ್ಟು ಎತ್ತರ, ಒರಟು ನೆಲ. ಕೊಚ್ಚಿಯಲ್ಲಿ 2012ರಿಂದ ಬಿನಾಲೆ ಎಂಬ ದೊಡ್ಡ ಕಲಾ ಪ್ರದರ್ಶನ ನಡೆಯುತ್ತಿರುವುದು ಹಳೆಯ ವ್ಯಾಪಾರಿ ಕಂಪೆನಿಯ ಆಸ್ಪಿನ್‌ವಾಲ್ ಹೌಸಿನಂಥ ಕಟ್ಟಡಗಳಲ್ಲಿ. ಅಲ್ಲಿ ಗೋದಾಮು ಪ್ರದರ್ಶನದ ಜಾಗವಾಯಿತು. ಇಲ್ಲಿ ಅದು ಮೊದಲು ಕೆಲಸದ ಜಾಗವಾಗಲಿ ಎನ್ನುತ್ತೇನೆ. ನೋಡಲು ಬರುವವರು ಬರಲಿ, ಆದರೆ ಅವರಿಗಾಗಿ ಕೆಲಸ ನಿಲ್ಲುವುದು ಬೇಡ.

ಇದಕ್ಕೆ ಹೆಚ್ಚೇನೂ ಬೇಡ. ಒಂದು ಗೋದಾಮು, ಐದು ವರ್ಷದ ಕರಾರು. ಹನ್ನೊಂದು ತಿಂಗಳ ಬಾಡಿಗೆ ಚೀಟಿಯ ಮೇಲೆ ಯಾವ ಮೂರ್ತಿಕಾರನೂ ಮಣ್ಣಿನ ತೊಟ್ಟಿ ಕಟ್ಟಿಸುವುದಿಲ್ಲ. ನೀರು, ಮೂರು ಫೇಸಿನ ಕರೆಂಟು, ಹೆಂಗಸರಿಗೂ ಗಂಡಸರಿಗೂ ಸರಿಯಾದ ಶೌಚಾಲಯ. ಬಣ್ಣ ತೊಳೆದ ನೀರು ಗುರುಪುರ ನದಿಗೆ ಸೇರದಂತೆ ಪ್ರತ್ಯೇಕ ಗುಂಡಿ. ಮಂಡೆ, ತಾಸೆ, ಚೌಕಟ್ಟು ಇಡಲು ತೇವವಿಲ್ಲದ ಒಂದು ಕೋಣೆ. ಮೈಗೆ ಉರಿ ತಾರದ, ನೀರಿನಲ್ಲಿ ಹೋಗುವ ಬಣ್ಣವನ್ನು ಬಣ್ಣಗಾರರ ಜೊತೆ ಕೂತು ಪರೀಕ್ಷಿಸಲು ಊರಿನ ವೈದ್ಯಕೀಯ ಕಾಲೇಜುಗಳ ಚರ್ಮರೋಗ ವಿಭಾಗವೊಂದು ಮುಂದೆ ಬಂದರೆ ಸಾಕು. ಬೆವರಿಗೆ ಕರಗದೆ ಎರಡು ದಿನ ನಿಲ್ಲುವ, ಮೈಗೂ ಹಾನಿಯಿಲ್ಲದ ಬಣ್ಣ ಸಿಕ್ಕರೆ ನೂರಾರು ಹುಡುಗರ ಸಂಕಟ ತಪ್ಪುತ್ತದೆ.

2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಮಂಗಳೂರು ಸೇರಿದ ಮೇಲೆ ಫುಟ್‌ಪಾತು, ದೀಪ, ವೃತ್ತ, ಹಂಪನಕಟ್ಟೆಯ ಗಡಿಯಾರ ಗೋಪುರ ಎಲ್ಲ ಆದವು. ಒಳ್ಳೆಯ ಫುಟ್‌ಪಾತು ಮೆರವಣಿಗೆಯ ರಾತ್ರಿ ಎಷ್ಟು ಜನಕ್ಕೆ ಉಪಯೋಗವಾಗುತ್ತದೆ ಎಂದು ಬಲ್ಲೆ, ಅದನ್ನು ಹಗುರ ಮಾಡುವುದಿಲ್ಲ. ಆದರೆ ಕಲೆಗೆಂದು ಹಣ ಎತ್ತಿಡುವಾಗ ಯೋಚನೆ ಹೋಗುವುದು ರಂಗಮಂದಿರ, ಬಯಲು ವೇದಿಕೆ, ಸೆಲ್ಫಿ ತೆಗೆಯುವ ಅಕ್ಷರಗಳ ಕಡೆಗೆ. ಪ್ರದರ್ಶನಕ್ಕೆ ನಮ್ಮಲ್ಲಿ ಜಾಗದ ಬರವಿಲ್ಲ. ಪುರಭವನವಿದೆ, ಉರ್ವಸ್ಟೋರಿನಲ್ಲಿ ತುಳುಭವನವಿದೆ, ಬಳ್ಳಾಲ್‌ಬಾಗ್‌ನ ಕೊಡಿಯಾಲ್‌ಗುತ್ತು ಮನೆಯಲ್ಲಿ ಪರಂಪರೆ ಉಳಿಸುವ ಸಂಸ್ಥೆ ಇಂಟ್ಯಾಕ್ ನಡೆಸುವ ಕಲಾಕೇಂದ್ರವಿದೆ. ಫ್ಲಾಟುಗಳ ನಡುವೆ ಹಳೆಯ ಭೂಮಾಲೀಕ ಮನೆತನದ ಒಂದು ಗುತ್ತಿನ ಮನೆ ಕೆಡವದೆ ಉಳಿದು ಚಿತ್ರ ಪ್ರದರ್ಶನಕ್ಕೆ ಬಾಗಿಲು ತೆರೆದಿರುವುದು ಈ ಊರಿನ ಭಾಗ್ಯ.

ಎಚ್ಚರಿಕೆ ಬೇಕಾದ ಕಡೆ

ಹಳೆಯ ಕಟ್ಟಡ ಉಳಿಸುವುದಕ್ಕೆ ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮದ ದಾರಿಯೂ ಒಂದು. ವಿಜಯನಾಥ ಶೆಣೈ ಅವರು ಬಿದ್ದುಹೋಗಲಿದ್ದ ಮನೆಗಳನ್ನು ಕಂಬ ಕಂಬವಾಗಿ ಬಿಚ್ಚಿ ತಂದು ಮರುಕಟ್ಟಿದರು. ಅವರ ಶ್ರಮಕ್ಕೆ ಕೈಮುಗಿಯಬೇಕು. ಮನೆ ಉಳಿಯಿತು. ಅದು ನಿಂತಿದ್ದ ಬೀದಿ ಉಳಿಯಲಿಲ್ಲ, ಅದು ಶೆಣೈಯವರ ಕೈಯಲ್ಲಿ ಇದ್ದದ್ದೂ ಅಲ್ಲ. ಕುದ್ರೋಳಿಯಲ್ಲಿ ಇನ್ನೂ ಬೀದಿಯೇ ಇದೆ, ಜನವೂ ಇದ್ದಾರೆ.

ಜನ ಅಲ್ಲೇ ಇರಬೇಕಾದರೆ ಬಾಡಿಗೆ ಏರಬಾರದು. ಒಂದು ಪರಿಸರಕ್ಕೆ ಕಲೆಯ ಹೆಸರು ಬಂದೊಡನೆ ಕೆಫೆ ಬರುತ್ತದೆ, ಹೋಂಸ್ಟೇ ಬರುತ್ತದೆ, ಹೆಸರು ತಂದುಕೊಟ್ಟವರು ಕಾವೂರೋ ಸುರತ್ಕಲ್ಲೋ ಎಂದು ದೂರ ಹೋಗುತ್ತಾರೆ. ಫೋರ್ಟ್ ಕೊಚ್ಚಿಯಲ್ಲಿ ಮನೆಗಳು ಹೋಂಸ್ಟೇಗಳಾದದ್ದನ್ನು ಅಲ್ಲಿ ಎರಡು ಓಣಿ ನಡೆದವರೆಲ್ಲ ಕಂಡಿದ್ದಾರೆ. ಅದಕ್ಕಾಗಿಯೇ ಗೋದಾಮು ಖಾಸಗಿಯವರ ಉಪಕಾರದ ಮೇಲೆ ನಿಲ್ಲದೆ, ಪಾಲಿಕೆಯದೋ ಬಂದರು ಇಲಾಖೆಯದೋ ಜಾಗದಲ್ಲಿ, ಕೆಲಸಗಾರರ ಸಹಕಾರ ಸಂಘದ ಕೈಯಲ್ಲಿ ಇರಲಿ ಎನ್ನುವುದು. ಸಹಕಾರ ಸಂಘ ಕಟ್ಟುವುದು ದಕ್ಷಿಣ ಕನ್ನಡದವರಿಗೆ ಹೊಸದಲ್ಲ. ಹಾಲಿಗೆ, ಮೀನಿಗೆ, ಅಡಿಕೆಗೆ ಕಟ್ಟಿದ್ದೇವೆ, ಬಣ್ಣಗಾರರಿಗೂ ಕಟ್ಟಬಹುದು. ಆ ಸಂಘದಲ್ಲಿ ಬಿಲ್ಲವ ಹುಡುಗನ ಪಕ್ಕದಲ್ಲಿ ಬ್ಯಾರಿ ವೆಲ್ಡರ್, ಕ್ರಿಶ್ಚಿಯನ್ ಬಡಗಿ ಇರಬೇಕು. ಸ್ತಬ್ಧಚಿತ್ರದ ಚೌಕಟ್ಟಿಗೆ ಬೆಸುಗೆ ಹಾಕಿದವನ ಧರ್ಮ ಯಾವುದೆಂದು ಈ ಮೊದಲು ಯಾರೂ ಕೇಳಿದ್ದಿಲ್ಲ. ಸಮುದಾಯಗಳ ನಡುವೆ ಗೋಡೆ ಎಬ್ಬಿಸುವ ಮಾತುಗಳು ಕರಾವಳಿಯಲ್ಲಿ ಜೋರಾಗಿರುವ ಈ ದಿನಗಳಲ್ಲಿ, ಒಂದೇ ಮಾಡಿನಡಿ ದುಡಿಯುವ ಜಾಗವೊಂದು ಈ ಊರಿಗೆ ತುರ್ತಾಗಿ ಬೇಕು.

ಕ್ಷೇತ್ರದ ಆಡಳಿತ, ಹುಲಿವೇಷದ ತಂಡಗಳು, ಪಾಲಿಕೆಯ ವಾರ್ಡು ಸಮಿತಿ ಈ ಮೂವರು ಕೂತು ಮಾತಾಡಿದರೆ ಮೊದಲ ಹೆಜ್ಜೆ ಆಗುತ್ತದೆ. ಮೊದಲ ವರ್ಷ ಮೂರ್ತಿಗಳಿಗೂ ಎರಡು ಮೂರು ಸ್ತಬ್ಧಚಿತ್ರಗಳಿಗೂ ಮಾತ್ರ ಗೋದಾಮು ಸಿಕ್ಕರೂ ಆದೀತು. ಹಂಚು ಕಳಚಿ ಅದರಡಿಯ ಮರದ ಪಕ್ಕಾಸು, ರೀಪು ಸರಿಮಾಡಿ ಮತ್ತೆ ಹೊದೆಸಲು ಬೇಸಗೆಯೇ ಬೇಕು. ಮಳೆಗಾಲಕ್ಕೆ ಮುಂಚೆ, ಮೇ ಕೊನೆಯಲ್ಲಿ ಬರುವ ಪತ್ತನಾಜೆ ಕಳೆದರೆ ಮಾಡು ಏರುವ ಆಳು ಸಿಗುವುದಿಲ್ಲ. ಹಾಗಾಗಿ ಬರುವ ನವರಾತ್ರಿಗೆ ಏನಾದರೂ ಆಗಬೇಕೆಂದಿದ್ದರೆ, ಕಟ್ಟಡ ಯಾವುದು ಎಂದು ಮಾರ್ಚ್ ತಿಂಗಳೊಳಗೆ ಗೊತ್ತುಮಾಡಿಕೊಳ್ಳಬೇಕು.